ಗುಬ್ಬಿಗೆ ಕಣ್ಣೀರು, ನೀಲಕಂಠಕ್ಕೆ ನೀಲಗಿರಿ

ಮಾರ್ಚ್ 20 ಬಂತೆಂದರೆ ನಗರಗಳಲ್ಲಿ ಗುಬ್ಬಿ ಗೂಡು ಹಂಚುವ ಸಂಭ್ರಮ. ರಟ್ಟಿನ ಡಬ್ಬಿಗೊಂದು ತೂತು, ಮಣ್ಣಿನ ಬಟ್ಟಲಲ್ಲಿ ನೀರು, ಗಣ್ಯರೊಂದಿಗೆ ಫೋಟೊ, ಭಾಷಣದಲ್ಲಿ ಮೊಬೈಲ್ ಟವರಿಗೆ ನಾಲ್ಕು ಬೈಗುಳ. 2010ರಿಂದಲೂ ವಿಶ್ವ ಗುಬ್ಬಿ ದಿನ ಹೀಗೇ ನಡೆದುಕೊಂಡು ಬಂದಿದೆ. ಹಕ್ಕಿಗಳ ಅಳಿವಿನ ಬಗ್ಗೆ ನಾವು ಆಡುವ ಮಾತೆಲ್ಲ ಈ ಒಂದು ಹಕ್ಕಿಯ ಸುತ್ತಲೇ ಗಿರಕಿ ಹೊಡೆಯುತ್ತಿರುವುದು ಈಗ ಕೇಡು ಮಾಡುತ್ತಿದೆ ಎಂಬುದು ನನ್ನ ತಕರಾರು.

ಹಕ್ಕಿ ವೀಕ್ಷಕರ ದಾಖಲೆಗಳನ್ನು ಆಧರಿಸಿ ದೇಶದ ಹಲವು ಸಂಶೋಧನಾ ಸಂಸ್ಥೆಗಳು ಸೇರಿ 2020ರಲ್ಲಿ ಪ್ರಕಟಿಸಿದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ, ಒಟ್ಟು ದೇಶದಲ್ಲಿ ಗುಬ್ಬಿಯ ಸಂಖ್ಯೆ ಇಪ್ಪತ್ತೈದು ವರ್ಷಗಳಿಂದ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದಿತು. ಇಳಿದಿರುವುದು ಬೆಂಗಳೂರು, ಚೆನ್ನೈ, ದೆಹಲಿಯಂಥ ಮಹಾನಗರಗಳಲ್ಲಿ. ಇದಕ್ಕೆ ಟವರ್ ಕಾರಣ ಎನ್ನಲು ಪುರಾವೆ ಇಲ್ಲವೆಂದೂ ಹೇಳಿತು. ಟವರ್ ಇಲ್ಲದ ಹಳ್ಳಿ ಈಗ ಎಲ್ಲಿದೆ? ಗುಬ್ಬಿ ಮರಿಗೆ ಹುಟ್ಟಿದ ಮೊದಲ ದಿನಗಳಲ್ಲಿ ಬೇಕಾದದ್ದು ಹುಳು; ನಾವು ಚೆಲ್ಲುವ ಅಕ್ಕಿ ನುಚ್ಚಲ್ಲ. ಅಂಗಳಕ್ಕೆಲ್ಲ ಸಿಮೆಂಟ್ ಬಳಿದು, ಬೇಲಿ ಕಿತ್ತು, ಹಂಚಿನ ಮನೆ ಕೆಡವಿ, ಆಮೇಲೆ ಡಬ್ಬಿ ತೂಗುಹಾಕುವುದು ಎಂಥ ಪ್ರೀತಿ? ಸಜ್ಜಾ, ಬಾಲ್ಕನಿಗಳ ಈ ಊರು ಹೇಳಿಮಾಡಿಸಿದಂತಿರುವುದು ಮೂಲತಃ ಬಂಡೆಯ ಹಕ್ಕಿಯಾದ ಪಾರಿವಾಳಕ್ಕೆ. ಅದಕ್ಕೂ ಮೂಟೆಗಟ್ಟಲೆ ಕಾಳು ಸುರಿದು ಪುಣ್ಯ ಕಟ್ಟಿಕೊಳ್ಳುವವರಿದ್ದಾರೆ. 2025ರಲ್ಲಿ ಮುಂಬೈ ಪಾಲಿಕೆ ದಾದರಿನ ಕಬೂತರಖಾನೆ ಮುಚ್ಚಲು ಹೊರಟಾಗ ಜನ ಬೀದಿಗಿಳಿದು ಹೊದಿಸಿದ್ದ ಟಾರ್ಪಾಲು ಹರಿದರು.

ಇನ್ನು ಕಣ್ಣೀರಿಗೆ ಅರ್ಹವಾದ ಲೆಕ್ಕ. ಅದೇ ವರದಿಯ 2023ರ ಆವೃತ್ತಿ ದೀರ್ಘಾವಧಿಯ ಏರಿಳಿತ ಅಂದಾಜಿಸಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿದಿವೆ ಎಂದಿದೆ. ಎಲ್ಲವೂ ಸೋತಿಲ್ಲ. ನವಿಲು ಒಂದೂವರೆ ಪಟ್ಟಿಗೂ ಮೀರಿ ಹೆಚ್ಚಿದೆ (ಬೆಳೆ ಕಳೆದುಕೊಂಡ ರೈತನನ್ನು ಕೇಳಿದರೆ ಇನ್ನೂ ಹೆಚ್ಚೇ ಹೇಳಿಯಾನು), ಕೋಗಿಲೆಯೂ ಹೆಚ್ಚಿದೆ. ಸೋತಿರುವುದು ಬಯಲಿನ ಹಕ್ಕಿ. ಹುಲ್ಲುಗಾವಲನ್ನೇ ನಂಬಿದ ಪ್ರಭೇದಗಳು ಅರ್ಧಕ್ಕೂ ಹೆಚ್ಚು ಕುಸಿದಿವೆ. ಕುರುಚಲು ಬಯಲಿನ ಬೂದು ಕಳಿಂಗ ಶೇ 80ಕ್ಕೂ ಹೆಚ್ಚು ಕುಸಿದಿದೆ. ಮತ್ತು ನಮ್ಮ ರಾಜ್ಯಪಕ್ಷಿ ನೀಲಕಂಠ, ಹಳ್ಳಿ ದಾರಿಯ ಕರೆಂಟ್ ತಂತಿಯ ಮೇಲೆ ಕೂತು ಹಾರಿದಾಗ ನೀಲಿ ಚೆಲ್ಲುವ ಆ ದಾಸಮಗರೆ, ಸುಮಾರು ಶೇ 30ರಷ್ಟು ಕಡಿಮೆಯಾಗಿದೆ. ಅಪಾಯದ ಶ್ರೇಣಿಯನ್ನು ಮತ್ತೆ ಪರಿಶೀಲಿಸಬೇಕೆಂದು ಈ ವರದಿ ಹೆಸರಿಸಿದ 14 ಹಕ್ಕಿಗಳಲ್ಲಿ ಅದೂ ಒಂದು.

ನೀಲಕಂಠಕ್ಕೆ ಬೇಕಾದದ್ದು ಬಹಳವೇನಿಲ್ಲ: ತೆರೆದ ನೆಲ, ಮಿಡತೆ, ಜೀರುಂಡೆ, ಮೊಟ್ಟೆಯಿಡಲು ಒಣಮರದ ಪೊಟರೆ. ಇವಾವುದಕ್ಕೂ ನಮ್ಮ ಕಂದಾಯ ಭಾಷೆಯಲ್ಲಿ ಬೆಲೆಯಿಲ್ಲ. ಬಯಲಿಗೆ ನಾವಿಟ್ಟ ಹೆಸರು ಪಾಳು, ಬಂಜರು. ಕೇಂದ್ರ ಸರ್ಕಾರದ ಪಾಳುಭೂಮಿ ಅಟ್ಲಾಸಿನಲ್ಲಿ ಕುರುಚಲು ನೆಲವೆಲ್ಲ ಅದೇ ಖಾತೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯ್ದ ಕಾವಲುಗಳನ್ನು ಹೀಗೆಯೇ ಚೂರುಚೂರಾಗಿ ಹಂಚಲಾಯಿತು. ಚಳ್ಳಕೆರೆ ತಾಲ್ಲೂಕೊಂದರಲ್ಲೇ ಸುಮಾರು 10,000 ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿಗಾಹಿಗಳು ನ್ಯಾಯಕ್ಕಾಗಿ ಅಲೆದರು. ಅಲ್ಲಿನ ಗೌಜಲಕ್ಕಿ, ನೆಲಗುಬ್ಬಿಗಳ ಪರವಾಗಿ ದಿನಾಚರಣೆ ಮಾಡುವವರು ಯಾರೂ ಇರಲಿಲ್ಲ.

ಸೌರಫಲಕ ಹರಡಲೂ ಬಯಲೇ ಬೇಕು. ಸೌರ ವಿದ್ಯುತ್ತನ್ನು ನಾನು ವಿರೋಧಿಸುತ್ತಿಲ್ಲ. ಆದರೆ ಇಂಥ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನವೇ ಬೇಡ ಎಂಬ ವಿನಾಯಿತಿಯನ್ನು ಒಪ್ಪಲಾಗದು. ಬಯಲಿನಲ್ಲಿ ಏನಿದೆ ಎಂದು ನೋಡದೆಯೇ ಏನೂ ಇಲ್ಲ ಎಂದು ತೀರ್ಮಾನಿಸುವ ದಾರಿ ಅದು.

ಅರಣ್ಯ ಇಲಾಖೆಯೂ ಇದರಲ್ಲಿ ಪಾಲುದಾರ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯವಾಯಿತು. ಅಲ್ಲಿನ ಬಯಲಿನ ಬಹುಪಾಲನ್ನು ನೀಲಗಿರಿ ತೋಪು ನುಂಗಿದೆ. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗಿಲ್ಲ. ಬಯಲು ಹಕ್ಕಿಗೆ ಮರ ನೆಡುವುದೇ ಬೇದಖಲಿ ನೋಟಿಸು. ಗಿಡ ನೆಟ್ಟರೆ ಪುಣ್ಯ ಎಂದು ಬೆಳೆದ ನಮಗೆ ಈ ಮಾತು ಗಂಟಲಲ್ಲಿ ಇಳಿಯುವುದಿಲ್ಲ, ಇಳಿಸಿಕೊಳ್ಳಬೇಕು.

ಕರ್ನಾಟಕಕ್ಕೆ ರಾಜ್ಯಪಕ್ಷಿಯ ಬಗ್ಗೆ ಲವಲೇಶ ಕಾಳಜಿಯಿದ್ದರೆ ಉಳಿದಿರುವ ಕಾವಲುಗಳನ್ನು ಪಾಳು ಪಟ್ಟಿಯಿಂದ ತೆಗೆಯಲಿ. ಅಲ್ಲಿ ಇನ್ನು ಒಂದೂ ಸಸಿ ನೆಡಬಾರದು. ಕುರಿ ದನ ಮೇಯುವುದನ್ನು ತಡೆಯುವ ಅಗತ್ಯವಿಲ್ಲ. ಆ ಹುಲ್ಲು ಬೆಳೆದದ್ದೇ ಮೇಯಿಸುವವರ ಜೊತೆ. ಯಾವ ಬಯಲನ್ನೇ ಗುತ್ತಿಗೆ ಕೊಡುವ ಮುನ್ನವೂ ಒಂದು ಪೂರ್ತಿ ವರ್ಷ ಹಕ್ಕಿ ಗಣತಿ ನಡೆದು ಅದರ ವರದಿ ಗ್ರಾಮಸಭೆಯ ಮುಂದೆ ಬರಲಿ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲು ಇದೇ ಸರ್ಕಾರಿ ವ್ಯವಸ್ಥೆಗೆ ಸಾಧ್ಯವಾಗಿತ್ತು. ಉಳಿದ ಕಾವಲುಗಳಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ.