ಮೊಬೈಲಿನ ಆಡಿಟರೂ ದುಡಿಯುವವನ ರಿಟರ್ನೂ

ಆದಾಯ ತೆರಿಗೆ ಶ್ರೀಮಂತರ ತಲೆನೋವು, ನಮಗೇಕೆ ಎಂದು ಮಿಲ್ಲಿನ ಕಾರ್ಮಿಕರು ಸುಮ್ಮನಿರುತ್ತಿದ್ದ ಕಾಲ ಹೋಯಿತು. 2025-26ರ ವರ್ಷಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಂಬಳದ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ನಿಜ. ಆದರೆ 4 ಲಕ್ಷ ದಾಟಿದವನು ಕಾಸು ತೆರಿಗೆ ಕೊಡಬೇಕಾಗಿಲ್ಲದಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ಬ್ಯಾಂಕಿನವರೋ ಪಿ.ಎಫ್. ಕಚೇರಿಯವರೋ ಮೊದಲೇ ಹಿಡಿದುಕೊಂಡ ಹಣ ವಾಪಸು ಬರಬೇಕಾದರೂ ಅದೇ ರಿಟರ್ನ್ ಬೇಕು. ಈ ಸಂದಿಯಲ್ಲಿ ಹುಟ್ಟಿಕೊಂಡವನೇ ಮೊಬೈಲಿನ ಆಡಿಟರು.

ಇವರಲ್ಲಿ ಪರೀಕ್ಷೆ ಪಾಸು ಮಾಡಿದ ನಿಜವಾದ ಲೆಕ್ಕಿಗರೂ ಉಂಟು. ಅವರ ಮೇಲೆ ನಮ್ಮ ತಕರಾರಿಲ್ಲ. ಆಡಿಟರ ಮೆಟ್ಟಿಲು ಹತ್ತುವುದಕ್ಕೆ ಒಂದು ಪಾಳಿಯ ಕೂಲಿ ಕಳೆದುಕೊಳ್ಳುವವನಿಗೆ ಕೂತಲ್ಲೇ ಕೆಲಸವಾಗುವುದು ಅನುಕೂಲವೇ ಸರಿ. ನಾವು ಹೇಳುವುದು, "ರಿಫಂಡ್ ಕೊಡಿಸುತ್ತೇವೆ, ಬಂದುದರಲ್ಲಿ ನಮಗಿಷ್ಟು ಪಾಲು" ಎನ್ನುವ ದಲ್ಲಾಳಿಯ ಮಾತು. ಇವನು ಕಟ್ಟದ ಮನೆ ಬಾಡಿಗೆ ಬರೆಯುತ್ತಾನೆ, ಮಾಡಿಸದ ವಿಮೆ ಬರೆಯುತ್ತಾನೆ, ರಾಜಕೀಯ ಪಕ್ಷಕ್ಕೆ ಕೊಡದ ದೇಣಿಗೆ ಬರೆಯುತ್ತಾನೆ. (ಅಂಥ ದೇಣಿಗೆಯಲ್ಲಿ ನೂರಕ್ಕೊಂದು ಪಾಲು ನಮಗೆ ಬಂದಿದ್ದರೂ ಈ ಪತ್ರಿಕೆಯ ಕಾಗದದ ಬಾಕಿ ಎಂದೋ ತೀರುತ್ತಿತ್ತು.) 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆಯವರು ದೇಶದ ಹಲವು ಕಡೆ ಇಂಥವರ ಮೇಲೆ ತಪಾಸಣೆ ಆರಂಭಿಸಿದರು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಬಾಬತ್ತುಗಳನ್ನು ಹಿಂತೆಗೆದುಕೊಂಡರೆಂದು ಸರ್ಕಾರವೇ ಹೇಳಿತು. ಸುಳ್ಳು ಸಿಕ್ಕಿದರೆ ದಂಡ ತೆರಿಗೆಯ ಎರಡರಷ್ಟು. ಅದು ಬೀಳುವುದು ರಿಟರ್ನ್ ಯಾರ ಹೆಸರಿನಲ್ಲಿದೆಯೋ ಅವನ ತಲೆಯ ಮೇಲೆ. ನೋಟೀಸು ಬಂದದ್ದೂ ಅವನಿಗೆ ಗೊತ್ತಾಗದೆ ಹೋಗಬಹುದು. ಖಾತೆಯಲ್ಲಿ ದಲ್ಲಾಳಿ ಬರೆದಿರುವುದು ತನ್ನ ಮೊಬೈಲ್ ನಂಬರನ್ನಲ್ಲವೇ!

ಇನ್ನೂ ಒಂದು ನಷ್ಟವಿದೆ, ಕಣ್ಣಿಗೆ ಕಾಣದ್ದು. ಐದು ವರ್ಷ ತುಂಬುವ ಮೊದಲೇ ಪಿ.ಎಫ್. ತೆಗೆದರೆ, ಮೊತ್ತ 50,000 ಮುಟ್ಟಿದ್ದರೆ, ನೂರಕ್ಕೆ 10 ಹಿಡಿಯುತ್ತಾರೆ. ಆದರೆ ಮಾಲಿಕನು ಮಿಲ್ಲು ಮುಚ್ಚಿದ್ದರಿಂದ ಕೆಲಸ ಹೋದವನ ಪಿ.ಎಫ್.ಗೆ ತೆರಿಗೆಯೇ ಇಲ್ಲವೆಂದು ಕಾಯಿದೆ ಹೇಳುತ್ತದೆ. "ನೀವು ಕೆಲಸ ಬಿಟ್ಟಿರೋ, ಬಿಡಿಸಿದರೋ?" ಎಂಬ ಒಂದು ಪ್ರಶ್ನೆ ಕೇಳಿದರೆ ಆ ಹಣ ಉಳಿಯುತ್ತದೆ. ಹತ್ತು ನಿಮಿಷಕ್ಕೊಂದು ರಿಟರ್ನ್ ಒತ್ತುವವನಿಗೆ ಕೇಳುವ ಪುರಸೊತ್ತು ಎಲ್ಲಿ?

ಅಂಗಡಿಯವರ ಭಯ ಬೇರೆ ಬಗೆಯದು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆಯವರು ಯು.ಪಿ.ಐ. ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಂದಿನಿಂದ ಯಾರು ಏನು ಹೇಳಿದರೂ ನಂಬುವಂತಾಗಿದೆ. ಅದು ಜಿ.ಎಸ್.ಟಿ. ಮಾತು. ಆದಾಯ ತೆರಿಗೆಯಲ್ಲಿ 2 ಕೋಟಿಯೊಳಗಿನ ವಹಿವಾಟಿಗೆ ನೂರಕ್ಕೆ 8, ಬ್ಯಾಂಕು ಮೊಬೈಲುಗಳ ಮೂಲಕ ಬಂದ ಹಣಕ್ಕೆ 6, ಲಾಭವೆಂದು ತೋರಿಸಿ ರಿಟರ್ನ್ ಸಲ್ಲಿಸಬಹುದು. ದೊಡ್ಡ ಖಾತೆ ಪುಸ್ತಕ ಬೇಕಿಲ್ಲ.

ತೆರಿಗೆಯನ್ನೇ ಕೊಡಬೇಡಿ ಎನ್ನುವವರು ನಾವಲ್ಲ. ಆದರೆ 2019ರ ಸೆಪ್ಟೆಂಬರಿನಲ್ಲಿ ವಿನಾಯಿತಿ ಬಿಟ್ಟುಕೊಡುವ ಕಂಪನಿಗಳಿಗೆ ತೆರಿಗೆಯನ್ನು ನೂರಕ್ಕೆ 22ಕ್ಕೆ ಇಳಿಸಿದ ಸರ್ಕಾರ, ನೂಲು ತೆಗೆಯುವವನು ನಮೂನೆ ತುಂಬುವುದಕ್ಕೆ ಕನ್ನಡ ಬಲ್ಲ ಒಬ್ಬ ಗುಮಾಸ್ತನನ್ನು ಕೊಡಲಾರದೇ? ಗೆಜೆಟ್ಟಿನಲ್ಲಿ ನಮೂನೆ ಬರುವುದು ಹಿಂದಿ, ಇಂಗ್ಲಿಷಿನಲ್ಲಿ. ರಿಟರ್ನ್ ತುಂಬಿಕೊಡುವವರಿಗೆ ತರಬೇತಿ ಕೊಡುವ ಯೋಜನೆಯೊಂದನ್ನು 2006ರಲ್ಲೇ ತಂದರು. ಅವರನ್ನು ನಮ್ಮ ಪೇಟೆಯಲ್ಲಿ ಕಂಡವರು ಕೈಯೆತ್ತಲಿ. ತಾಲ್ಲೂಕಿಗೊಬ್ಬರನ್ನು ಅಂಚೆ ಕಚೇರಿಯಲ್ಲಿ, ಪುಕ್ಕಟೆಯಾಗಿ, ಜುಲೈ ತಿಂಗಳು ಪೂರ್ತಿ ಕೂರಿಸಬೇಕೆಂಬುದು ನಮ್ಮ ಬೇಡಿಕೆ.

ಪಾಸ್‌ವರ್ಡನ್ನು ಈಗಾಗಲೇ ಪರರ ಕೈಗೆ ಕೊಟ್ಟಿರುವವರು ಇದೇ ವಾರ ಅದನ್ನು ಬದಲಿಸಲಿ, ಖಾತೆಯಲ್ಲಿರುವ ಮೊಬೈಲ್ ನಂಬರು ತಮ್ಮದೇ ಹೌದೇ ಎಂದು ನೋಡಲಿ. ಓದಿದ ಮಕ್ಕಳಿದ್ದರೆ ಸಲ್ಲಿಸಿದ ರಿಟರ್ನನ್ನು ಇಳಿಸಿಕೊಂಡು ಸಾಲುಸಾಲಾಗಿ ಓದಿಸಿ ಕೇಳಲಿ. ಕೊಡದ ದೇಣಿಗೆ ಅದರಲ್ಲಿ ಕಂಡುಬಂದರೆ ನೋಟೀಸಿಗೆ ಕಾಯದೆ ತಿದ್ದಿದ ರಿಟರ್ನ್ ಸಲ್ಲಿಸುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ.