ಪಿಸುಮಾತಿಗೆ ತೆತ್ತ ಬೆಲೆ

1995ರ ಏಪ್ರಿಲ್‌ನಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತನ್ನ ವಾರ್ಷಿಕ ಡ್ರಾಫ್ಟ್ ನಡೆಸಿತು. ಅದರಲ್ಲಿ ಇಬ್ಬರು ಯುವಕರ ಹಣೆಬರಹ ಒಂದಕ್ಕೊಂದು ಹೆಣೆದುಕೊಂಡಿತು. ಮಯಾಮಿ ವಿಶ್ವವಿದ್ಯಾಲಯದ ವಾರೆನ್ ಸ್ಯಾಪ್ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ರಕ್ಷಣಾ ಆಟಗಾರರಲ್ಲಿ ಒಬ್ಬರು. ಮೊದಲ ಐದಾರು ಆಯ್ಕೆಗಳೊಳಗೆ ಅವರ ಹೆಸರು ಬರುವುದು ಖಚಿತ ಎಂದು ಎಲ್ಲರೂ ನಂಬಿದ್ದರು. ಆದರೆ ಡ್ರಾಫ್ಟ್ ಹತ್ತಿರವಾದಂತೆ ಮಾದಕದ್ರವ್ಯ ಪರೀಕ್ಷೆಗಳ ಕುರಿತ ವರದಿಗಳು ಹಬ್ಬಿದವು. ತಂಡಗಳು ಒಂದೊಂದಾಗಿ ಅವರನ್ನು ದಾಟಿ ಮುಂದೆ ಹೋದವು. ಇನ್ನೊಬ್ಬರು ಬಾಸ್ಟನ್ ಕಾಲೇಜಿನ ಮೈಕ್ ಮಮುಲಾ. ಓಟ, ನೆಗೆತ, ಭಾರ ಎತ್ತುವಿಕೆ ಇತ್ಯಾದಿ ಪರೀಕ್ಷೆಗಳಿಗೆಂದೇ ತಾಲೀಮು ಮಾಡಿಕೊಂಡು ಬಂದಿದ್ದ ಅವರ ಅಂಕಿಗಳು ಎಲ್ಲರ ಕಣ್ಣು ಕುಕ್ಕಿದವು. ಫಿಲಡೆಲ್ಫಿಯಾ ಈಗಲ್ಸ್ ತಂಡ ತನ್ನ 12ನೇ ಸರದಿಯ ಜೊತೆಗೆ ಎರಡನೇ ಸುತ್ತಿನ ಎರಡು ಆಯ್ಕೆಗಳನ್ನೂ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು, 7ನೇ ಸ್ಥಾನಕ್ಕೆ ಏರಿ ಮಮುಲಾರನ್ನು ತೆಗೆದುಕೊಂಡಿತು. ಹಾಗೆ ಸಿಕ್ಕ 12ನೇ ಸರದಿಯಲ್ಲಿ ಟ್ಯಾಂಪಾ ಆರಿಸಿಕೊಂಡದ್ದು ಜಾರುತ್ತಾ ಬಂದಿದ್ದ ಸ್ಯಾಪ್‌ರನ್ನು.

ಮಮುಲಾ ಕೆಟ್ಟ ಆಟಗಾರರೇನಲ್ಲ. ಈಗಲ್ಸ್ ಪರ 31.5 ಸ್ಯಾಕ್ ಗಳಿಸಿ, ಗಾಯಗಳಿಂದಾಗಿ ಬೇಗ ನಿವೃತ್ತರಾದರು. ಸ್ಯಾಪ್ 96.5 ಸ್ಯಾಕ್ ಗಳಿಸಿದರು, 1999ರಲ್ಲಿ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಎನಿಸಿದರು, 2003ರ ಜನವರಿಯಲ್ಲಿ ಟ್ಯಾಂಪಾಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟ ರಕ್ಷಣಾ ಪಡೆಯ ನಡುಗಂಬವಾದರು. 2013ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಯಾವ ಪಾಸ್ ರಷರ್ ಜಾರಬಹುದು, ಯಾಕೆ ಜಾರಬಹುದು ಎಂಬ ಚರ್ಚೆ ಶುರುವಾಗುತ್ತದೆ. ಈ ಚರ್ಚೆಯಲ್ಲಿ ‘ಜಾರುವುದು’ ಎಂಬ ಒಂದೇ ಪದದ ಕೆಳಗೆ ಬೇರೆ ಬೇರೆ ಸಂಗತಿಗಳು ಅಡಗಿ ಕೂತಿವೆ. ಅವುಗಳಲ್ಲಿ ಕೆಲವು ನ್ಯಾಯವಾದ ಎಚ್ಚರ, ಕೆಲವು ಅಳತೆಪಟ್ಟಿಯ ಮೇಲಿನ ಕುರುಡು ನಂಬಿಕೆ. ಇನ್ನು ಕೆಲವಂತೂ ಉತ್ತರ ಕೊಡಲು ಅವಕಾಶವೇ ಇಲ್ಲದ ಹುಡುಗನ ಮೇಲೆ ಹೊರಿಸುವ ದಂಡ. ಇವನ್ನು ಬೇರ್ಪಡಿಸಿ ನೋಡದೆ ಹೋದರೆ ನಾವೂ ಆ ದಂಡ ವಿಧಿಸುವವರ ಸಾಲಿಗೇ ಸೇರುತ್ತೇವೆ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನಿಗೆ ಸಿಗುವ ಸಮಯ ಹೆಚ್ಚೆಂದರೆ ಮೂರು ಸೆಕೆಂಡಿನ ಆಸುಪಾಸು. ಅಷ್ಟರೊಳಗೆ ಕಾವಲುಗಾರರ ಗೋಡೆಯನ್ನು ಸುತ್ತಿಯೋ ಸೀಳಿಯೋ ನುಗ್ಗಿ ಅವನನ್ನು ಹಿಡಿಯುವವನೇ ಪಾಸ್ ರಷರ್. ಎಸೆಯುವ ಮೊದಲೇ ಹಿಡಿದು ಕೆಡವಿದರೆ ಅದು ಸ್ಯಾಕ್. ಕ್ವಾರ್ಟರ್‌ಬ್ಯಾಕ್ ಬಿಟ್ಟರೆ ತಂಡಗಳು ಅತಿ ಹೆಚ್ಚು ಹಣ ಸುರಿಯುವ ಕೆಲವೇ ಸ್ಥಾನಗಳಲ್ಲಿ ಇದೂ ಒಂದು. ಕಾಲೇಜು ಮುಗಿಸಿ ಬರುವ ಆಟಗಾರರನ್ನು 32 ತಂಡಗಳು ಹಂಚಿಕೊಳ್ಳುವ ವ್ಯವಸ್ಥೆ ಡ್ರಾಫ್ಟ್. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಐಪಿಎಲ್ ಹರಾಜಿನಂತೆ ಇಲ್ಲಿ ಯಾರೂ ಕೂಗುವುದಿಲ್ಲ. ಆಟಗಾರನಿಗೆ ಇಬ್ಬರು ಪೈಪೋಟಿ ಮಾಡುವಂತಿಲ್ಲ, ಅವನು ತಂಡವನ್ನು ಆರಿಸಿಕೊಳ್ಳುವಂತಿಲ್ಲ. 2011ರ ಒಪ್ಪಂದದ ನಂತರವಂತೂ ಯಾವ ಸಂಖ್ಯೆಯಲ್ಲಿ ಹೆಸರು ಬಂತೋ ಅದರ ಪ್ರಕಾರವೇ ಮೊದಲ ನಾಲ್ಕು ವರ್ಷದ ಸಂಬಳ ಹೆಚ್ಚೂಕಡಿಮೆ ಗೊತ್ತಾಗಿಬಿಡುತ್ತದೆ. ಮೊದಲ ಐದರೊಳಗೆ ಬಂದವನಿಗೆ ಸಿಗುವ ಹಣ, 26ನೆಯವನಿಗೆ ಸಿಗುವುದರ ಎರಡರಷ್ಟಕ್ಕೂ ಹೆಚ್ಚು. ಒಂದೇ ಬಡಿತಕ್ಕೆ ಮೊಣಕಾಲು ಮುರಿದು ಬದುಕು ಮುಗಿಯಬಹುದಾದ ಆಟದಲ್ಲಿ ಈ ಮೊದಲ ಒಪ್ಪಂದವೇ ಎಷ್ಟೋ ಜನರಿಗೆ ಕೊನೆಯದೂ ಹೌದು. ಜಾರುವುದೆಂದರೆ ಮಾನದ ಪ್ರಶ್ನೆ ಮಾತ್ರವಲ್ಲ, ಅನ್ನದ ಪ್ರಶ್ನೆ.

ಮೊದಲಿಗೆ, ಯಾರ ತಪ್ಪೂ ಇಲ್ಲದ ಜಾರುವಿಕೆ. ಹುಡುಗ ಜಾರಿದ ಎಂದು ನಾವು ಹೇಳುವುದು ಪತ್ರಕರ್ತರು ಬರೆದ ಅಂದಾಜು ಪಟ್ಟಿಗೆ ಹೋಲಿಸಿ. ತಂಡಗಳ ಒಳಪಟ್ಟಿ ಬೇರೆಯೇ ಇರುತ್ತದೆ. 2024ರಲ್ಲಿ ಮೊದಲ 14 ಆಯ್ಕೆಗಳೂ ಆಕ್ರಮಣದ ಆಟಗಾರರೇ ಆದರು. ಮೊದಲ 12ರಲ್ಲೇ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು. ಆ ವರ್ಷದ ಮೊದಲ ರಕ್ಷಣಾ ಆಟಗಾರನ ಹೆಸರು ಬಂದದ್ದು 15ನೇ ಸರದಿಯಲ್ಲಿ. ಮುಂದಿದ್ದ ತಂಡಗಳಿಗೆ ಬೇರೆ ಹಸಿವಿತ್ತು, ಅಷ್ಟೆ. ಇಂಥ ಜಾರುವಿಕೆಗೆ ಆಟಗಾರನಲ್ಲಿ ಕಾರಣ ಹುಡುಕುವುದೇ ತಪ್ಪು.

ಎರಡನೆಯದು ಅಳತೆಯ ಜಾರುವಿಕೆ. ಕಂಬೈನ್ ಎಂಬ ಪರೀಕ್ಷಾ ಮೇಳದಲ್ಲಿ ಎತ್ತರ, ತೂಕ, ತೋಳಿನ ಉದ್ದ, 40 ಗಜದ ಓಟ ಎಲ್ಲವೂ ದಾಖಲಾಗುತ್ತವೆ. ಹೀಗೆ ಅಳೆಯುವುದಕ್ಕೆ ಅರ್ಥವಿದೆ. ಒಬ್ಬ ಹುಡುಗ ದುರ್ಬಲ ಎದುರಾಳಿಗಳ ಮೇಲೆ ಆಡಿರಬಹುದು, ಇನ್ನೊಬ್ಬ ಬಲಿಷ್ಠರ ಮೇಲೆ. ಸ್ಯಾಕ್ ಲೆಕ್ಕ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರದು, ಗಡಿಯಾರ ತೂಗುತ್ತದೆ. ತೋಳು ಉದ್ದವಿದ್ದವನು ಎದುರಿನ ಕಾವಲುಗಾರನ ಕೈ ತನ್ನ ಎದೆ ಮುಟ್ಟುವ ಮೊದಲೇ ಅವನನ್ನು ದೂಡಬಲ್ಲ. ಇಷ್ಟು ನಿಜ. ಆದರೆ ಪಾಸ್ ರಷರ್ ಪಂದ್ಯದಲ್ಲಿ ನೇರವಾಗಿ 40 ಗಜ ಓಡುವ ಪ್ರಸಂಗ ಎಷ್ಟು ಬಾರಿ ಬರುತ್ತದೆ? ಅವನ ಕೆಲಸವೆಲ್ಲ ಮೊದಲ ಎರಡು ಮೂರು ಹೆಜ್ಜೆಗಳ ಸಿಡಿತದಲ್ಲಿ, ತಿರುವಿನಲ್ಲಿ ಮೈ ಬಾಗಿಸುವುದರಲ್ಲಿ, ಕೈಗಳ ಚಳಕದಲ್ಲಿ.

ಟೆರೆಲ್ ಸಗ್ಸ್ 2002ರಲ್ಲಿ ಅರಿಜೋನಾ ಸ್ಟೇಟ್ ಪರ ಒಂದೇ ಋತುವಿನಲ್ಲಿ 24 ಸ್ಯಾಕ್ ಗಳಿಸಿ ಕಾಲೇಜು ದಾಖಲೆ ಬರೆದರು. ಆದರೆ ಡ್ರಾಫ್ಟ್‌ಗೆ ಮುನ್ನ 40 ಗಜದ ಓಟಕ್ಕೆ 4.8 ಸೆಕೆಂಡಿನ ಆಸುಪಾಸು ತೆಗೆದುಕೊಂಡರು. ಅಷ್ಟಕ್ಕೇ ಅನುಮಾನ ಹುಟ್ಟಿತು. 2003ರಲ್ಲಿ ಬಾಲ್ಟಿಮೋರ್ ರೇವನ್ಸ್‌ಗೆ ಅವರು ಸಿಕ್ಕದ್ದು 10ನೇ ಸರದಿಯಲ್ಲಿ. ಅದೂ ಹೇಗೆ? ಆ ತಂಡ ಒಬ್ಬ ಕ್ವಾರ್ಟರ್‌ಬ್ಯಾಕ್‌ಗಾಗಿ 7ನೇ ಸ್ಥಾನಕ್ಕೆ ಏರಲು ಹೊರಟಿತ್ತು. ಸಮಯ ಮೀರಿ ಆ ವ್ಯವಹಾರ ಕೈಗೂಡದೆ ಹೋದದ್ದರಿಂದ ಸಗ್ಸ್ ದಕ್ಕಿದರು! 139 ಸ್ಯಾಕ್, 2011ರ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ, ಎರಡು ಸೂಪರ್ ಬೌಲ್ ಉಂಗುರಗಳು ಆಮೇಲಿನ ಕತೆ.

ಎತ್ತರದ ಕತೆಯೂ ಹೀಗೆಯೇ. ಆರಡಿ ಒಂದಂಗುಲದ ಡ್ವೈಟ್ ಫ್ರೀನಿ ಈ ಕೆಲಸಕ್ಕೆ ಗಿಡ್ಡ ಎಂದವರಿದ್ದರು. 2002ರಲ್ಲಿ 11ನೆಯವರಾಗಿ ಆಯ್ಕೆಯಾದ ಅವರು 125.5 ಸ್ಯಾಕ್ ಗಳಿಸಿ 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಎಲ್ವಿಸ್ ಡೂಮರ್ವಿಲ್ ಇನ್ನೂ ಗಿಡ್ಡ, ಆರಡಿಯೂ ಇಲ್ಲ. ಲೂಯಿವಿಲ್ ಪರ ಒಂದೇ ಋತುವಿನಲ್ಲಿ 20 ಸ್ಯಾಕ್ ಗಳಿಸಿಯೂ 2006ರಲ್ಲಿ ನಾಲ್ಕನೇ ಸುತ್ತಿನವರೆಗೆ, 126ನೇ ಸಂಖ್ಯೆಯವರೆಗೆ ಕಾದರು. ಅವರ ತೋಳು ಮೈಯ ಅಳತೆಗೆ ಮೀರಿ ಉದ್ದವಾಗಿತ್ತು, ಗಿಡ್ಡಗಿದ್ದದ್ದೇ ಎದುರಾಳಿಯ ಕೈಕೆಳಗೆ ನುಸುಳಲು ಅನುಕೂಲವಾಯಿತು. 2009ರಲ್ಲಿ 17 ಸ್ಯಾಕ್‌ಗಳೊಂದಿಗೆ ಇಡೀ ಲೀಗಿಗೆ ಮೊದಲಿಗರಾದರು. ಇಲ್ಲಿ ನಷ್ಟವಾದದ್ದು ಅಳತೆಪಟ್ಟಿಯನ್ನು ನಂಬಿ ಕೂತ ತಂಡಗಳಿಗೆ. ಆಟಗಾರ ಮೈದಾನದಲ್ಲಿ ಉತ್ತರ ಕೊಟ್ಟ. ಈ ಬಗೆಯ ಜಾರುವಿಕೆ ತಪ್ಪು ಲೆಕ್ಕ, ಅನ್ಯಾಯವಲ್ಲ. ಅಳತೆ ಎಲ್ಲರೆದುರಿಗೇ ಆಗಿರುತ್ತದೆ, ಅದರ ಜೊತೆ ಯಾರು ಬೇಕಾದರೂ ವಾದಿಸಬಹುದು.

ಮೂರನೆಯದಕ್ಕೆ ಬರುವ ಹೊತ್ತಿಗೆ ಬೆಳಕು ಕಡಿಮೆಯಾಗುತ್ತದೆ. ಅದು ವೈದ್ಯಕೀಯ ಕಾರಣದ ಜಾರುವಿಕೆ. ತಂಡಗಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕ್ಲೆಮ್ಸನ್‌ನ ಡಕ್ವಾನ್ ಬವರ್ಸ್ 2010ರಲ್ಲಿ 15.5 ಸ್ಯಾಕ್ ಗಳಿಸಿ ದೇಶಕ್ಕೇ ಮೊದಲಿಗರಾಗಿದ್ದರು. ಮೊದಲ ಆಯ್ಕೆಯೇ ಅವರಾಗಬಹುದು ಎಂಬ ಮಾತಿತ್ತು. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅನುಮಾನ ಎದ್ದು 51ನೇ ಸಂಖ್ಯೆಗೆ ಜಾರಿದರು. ಮುಂದೆ ಇಡೀ ವೃತ್ತಿಯಲ್ಲಿ ಹತ್ತು ಸ್ಯಾಕ್‌ಗಳೂ ಆಗಲಿಲ್ಲ. ಆ ವರ್ಷ ಅವರನ್ನು ಬಿಟ್ಟ ತಂಡಗಳನ್ನು ಯಾರೂ ದೂರಲಾರರು. ಇನ್ನೊಂದು ಕಡೆ ಲಾಯಾಟು ಲಾಟು ಇದ್ದಾರೆ. ಕತ್ತಿನ ಗಾಯದಿಂದ ಇನ್ನು ಆಡಲೇಬಾರದೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಿವೃತ್ತಿ ಹೇಳಿಸಿಕೊಂಡವರು, ಬೇರೆ ವೈದ್ಯರ ಒಪ್ಪಿಗೆ ಪಡೆದು ಯುಸಿಎಲ್‌ಎ ಸೇರಿ ಮತ್ತೆ ಆಡಿದರು. ಮೇಲೆ ಹೇಳಿದ 2024ರ ಆ 15ನೇ ಆಯ್ಕೆ ಅವರೇ. ಒಂದೇ ಕತ್ತನ್ನು ನೋಡಿ ಇಬ್ಬರು ವೈದ್ಯರು ಎರಡು ಮಾತು ಹೇಳಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದಕ್ಕೇ ಮಾಂಟೆಜ್ ಸ್ವೆಟ್ ಪ್ರಕರಣ ಮನಸ್ಸಿಗೆ ಚುಚ್ಚುತ್ತದೆ. ಮಿಸಿಸಿಪ್ಪಿ ಸ್ಟೇಟ್‌ನ ಸ್ವೆಟ್ ಆರಡಿ ಆರಂಗುಲದ ಆಳು. 2019ರ ಕಂಬೈನ್‌ನಲ್ಲಿ 260 ಪೌಂಡ್ ಮೈ ಹೊತ್ತು 40 ಗಜವನ್ನು 4.41 ಸೆಕೆಂಡಿನಲ್ಲಿ ಓಡಿದರು, ರಕ್ಷಣಾ ಸಾಲಿನ ಆಟಗಾರರಲ್ಲಿ ಅದು ಅಂದಿನ ದಾಖಲೆ. ಆದರೆ ಅದೇ ಹೊತ್ತಿಗೆ ಅವರಿಗೆ ಹೃದಯದ ತೊಂದರೆ ಇದೆ ಎಂಬ ಸುದ್ದಿ ಹೊರಬಿತ್ತು. ಕೆಲವು ತಂಡಗಳು ಅವರ ಹೆಸರನ್ನೇ ಪಟ್ಟಿಯಿಂದ ಅಳಿಸಿದವು ಎಂಬ ವರದಿಗಳೂ ಬಂದವು. ಡ್ರಾಫ್ಟ್ ದಿನವೇ ಇನ್ನೊಂದು ವರದಿ: ಆ ರೋಗನಿರ್ಣಯವೇ ತಪ್ಪಾಗಿರಬಹುದು! ಅಷ್ಟರಲ್ಲಿ ಹೊತ್ತು ಮೀರಿತ್ತು. 26ನೇ ಸಂಖ್ಯೆಯಲ್ಲಿ ವಾಷಿಂಗ್ಟನ್ ತಂಡ ಅವರನ್ನು ತೆಗೆದುಕೊಂಡಿತು. 2023ರ ನಡುವೆ ಶಿಕಾಗೋಗೆ ಹೋದ ಸ್ವೆಟ್, ಆ ಒಂದೇ ಋತುವಿನಲ್ಲಿ ಎರಡೂ ತಂಡಗಳ ಸ್ಯಾಕ್ ಪಟ್ಟಿಯಲ್ಲಿ ಮೊದಲಿಗರಾದರು. ನಾಲ್ಕು ವರ್ಷಕ್ಕೆ 9.8 ಕೋಟಿ ಡಾಲರ್‌ಗಳ ಒಪ್ಪಂದವೂ ಆಯಿತು. ಕತೆ ಸುಖಾಂತ್ಯವಾಯಿತಲ್ಲ ಎನ್ನಬಹುದು. ಆದರೆ ಒಬ್ಬ 22 ವರ್ಷದ ಹುಡುಗನ ಎದೆಯೊಳಗಿನ ವಿಷಯ ಇಡೀ ದೇಶದ ಬಾಯಿಗೆ ಬಿದ್ದದ್ದು ಹೇಗೆ? ನಮ್ಮಲ್ಲಿ ಯಾರಾದರೂ ಕೆಲಸದ ಸಂದರ್ಶನಕ್ಕೆ ಹೋದಾಗ ಅಲ್ಲಿನ ವೈದ್ಯಕೀಯ ವರದಿ ಮರುದಿನ ಪತ್ರಿಕೆಯಲ್ಲಿ ಬಂದರೆ ಸುಮ್ಮನಿರುತ್ತೇವೆಯೇ?

ನಾಲ್ಕನೆಯದು ‘ನಡತೆ’. ಈ ಪದದ ಹೊಟ್ಟೆ ಬಹಳ ದೊಡ್ಡದು. ಹೆಣ್ಣಿನ ಮೇಲೆ ಕೈಮಾಡಿದವನೂ ಇದರೊಳಗೆ, ಗಾಂಜಾ ಸೇದಿದವನೂ ಇದರೊಳಗೆ, ಕೋಚ್‌ಗೆ ಎದುರುತ್ತರ ಕೊಟ್ಟವನೂ ಇದರೊಳಗೆ. ಮೊದಲನೆಯದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಸ್ಯಾಕ್‌ಗಳ ಸಂಖ್ಯೆ ನೋಡಿ ಕಣ್ಣುಮುಚ್ಚುವ ತಂಡ ನಾಚಬೇಕು. ಉಳಿದವನ್ನು ಅದೇ ತಟ್ಟೆಯಲ್ಲಿ ಬಡಿಸುವುದು ಸರಿಯಲ್ಲ. ಜಾರ್ಜಿಯಾದ ಜಸ್ಟಿನ್ ಹ್ಯೂಸ್ಟನ್ ಕಂಬೈನ್‌ನ ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆಂಬ ವರದಿ ಬಂದು 2011ರಲ್ಲಿ 70ನೇ ಸಂಖ್ಯೆಗೆ ಜಾರಿದರು. 2014ರಲ್ಲಿ 22 ಸ್ಯಾಕ್ ಗಳಿಸಿ ಅಂದಿನ ದಾಖಲೆಗೆ ಅರ್ಧವಷ್ಟೇ ಕಡಿಮೆ ಬಿದ್ದರು. ನೆಬ್ರಾಸ್ಕಾದ ರ‍್ಯಾಂಡಿ ಗ್ರೆಗರಿ ಅದೇ ಬಗೆಯ ಪರೀಕ್ಷೆಯಲ್ಲಿ ವಿಫಲರಾದದ್ದನ್ನು ತಾವೇ ಒಪ್ಪಿಕೊಂಡರು, 2015ರಲ್ಲಿ 60ನೆಯವರಾದರು. ಮುಂದೆ ಹಲವು ಅಮಾನತುಗಳಲ್ಲಿ ಅವರ ಒಳ್ಳೆಯ ವರ್ಷಗಳು ಕರಗಿದವು. ತಂಡಗಳ ಅಳುಕು ನಿಜವಾಯಿತು ಎಂದು ಯಾರಾದರೂ ಹೇಳಬಹುದು. ಆದರೆ 2020ರಲ್ಲಿ ಲೀಗ್ ನಿಯಮ ಬದಲಿಸಿತು. ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿದ ಮಾತ್ರಕ್ಕೆ ಅಮಾನತು ಇಲ್ಲ ಎಂದಿತು. ಅಂದರೆ ನಿನ್ನೆ ನಡತೆಯ ದೋಷ ಎನಿಸಿಕೊಂಡದ್ದು ಇಂದು ಅಷ್ಟು ದೊಡ್ಡದಲ್ಲ. ನಡತೆ ಬದಲಾಗಲಿಲ್ಲ, ನೋಡುವವರ ಕಣ್ಣು ಬದಲಾಯಿತು. ಕಳೆದ ವರ್ಷಗಳನ್ನು ಮಾತ್ರ ಯಾರೂ ಹಿಂದಿರುಗಿಸಲಿಲ್ಲ.

ತಂಡಗಳ ಪರವಾದ ವಾದಕ್ಕೂ ತೂಕವಿದೆ. ಕೋಟ್ಯಂತರ ಡಾಲರ್ ಹೂಡುವವರು ಕೇಳಬೇಕು, ಪರೀಕ್ಷಿಸಬೇಕು, ಬೇಡವೆನಿಸಿದರೆ ಬಿಡಬೇಕು. ಒಂದು ಆಯ್ಕೆ ಕೈಕೊಟ್ಟರೆ ಕೋಚ್‌ನ ಕೆಲಸವೂ ಹೋಗುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಪರೀಕ್ಷೆಯ ಮೇಲಲ್ಲ, ಪಿಸುಮಾತಿನ ಮೇಲೆ. ಹೆಸರು ಹೇಳಲಿಚ್ಛಿಸದ ಒಬ್ಬ ಅಧಿಕಾರಿ ಪತ್ರಕರ್ತನ ಕಿವಿಯಲ್ಲಿ ‘ಆ ಹುಡುಗನ ಹೃದಯ ಸರಿಯಿಲ್ಲವಂತೆ’, ‘ಅವನಿಗೆ ಆಟದ ಮೇಲೆ ಪ್ರೀತಿ ಇಲ್ಲವಂತೆ’ ಎನ್ನುತ್ತಾನೆ. ಆ ಮಾತು ನಿಜವೋ ಸುಳ್ಳೋ, ಹೇಳಿದವನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಗಳಿಸುವುದಂತೂ ಇರಬಹುದು. ಸರದಿಯಲ್ಲಿ 20ನೇ ಸ್ಥಾನದಲ್ಲಿರುವ ತಂಡಕ್ಕೆ, ಐದನೇ ಸ್ಥಾನಕ್ಕೆ ತಕ್ಕವನು ತನ್ನವರೆಗೆ ಜಾರಿ ಬರಲಿ ಎಂಬ ಆಸೆ ಸಹಜ. ಕೊಳ್ಳುವವನೇ ಸರಕಿನ ಮೇಲೆ ಹುಳುಕು ಹೊರಿಸಬಹುದಾದ ಸಂತೆಯಲ್ಲಿ ಮಾರುವವನು ಬಾಯಿ ಕಟ್ಟಿಸಿಕೊಂಡು ಕೂತಿರುತ್ತಾನೆ. ಇಲ್ಲಿ ಮಾರಾಟಕ್ಕಿರುವುದು ಅವನದೇ ಮೈ.

ಇದಕ್ಕೆ ಮದ್ದಿಲ್ಲ ಎನ್ನುವಂತೆಯೂ ಇಲ್ಲ. ಕಂಬೈನ್ ಸಂದರ್ಶನಗಳಲ್ಲಿ ಹುಡುಗರಿಗೆ ತಾಯಿ-ತಂದೆಯ ಬಗ್ಗೆ, ಖಾಸಗಿ ಬದುಕಿನ ಬಗ್ಗೆ ಅವಮಾನಕರ ಪ್ರಶ್ನೆ ಕೇಳುತ್ತಿದ್ದ ಕಾಲವೊಂದಿತ್ತು. 2022ರಲ್ಲಿ ಲೀಗ್ ತಂಡಗಳಿಗೆ ಎಚ್ಚರಿಕೆ ಕೊಟ್ಟಿತು. ಅಂಥ ಪ್ರಶ್ನೆ ಕೇಳಿದ್ದು ಸಾಬೀತಾದರೆ ಮೊದಲ ನಾಲ್ಕು ಸುತ್ತುಗಳಲ್ಲಿನ ಒಂದು ಆಯ್ಕೆ ಕೈತಪ್ಪಬಹುದು, ಕನಿಷ್ಠ 1.5 ಲಕ್ಷ ಡಾಲರ್ ದಂಡ ಬೀಳಬಹುದು ಎಂದಿತು. ತಂಡಗಳಿಗೆ ಅರ್ಥವಾಗುವ ಭಾಷೆ ಇದು. ಅದೇ ದಂಡವನ್ನು ವೈದ್ಯಕೀಯ ಮಾಹಿತಿ ಸೋರಿಕೆಗೂ ವಿಧಿಸಲಿ. ಗಂಭೀರ ರೋಗನಿರ್ಣಯವಾದರೆ, ಆಟಗಾರನೇ ಆರಿಸಿದ ಸ್ವತಂತ್ರ ವೈದ್ಯರ ಎರಡನೇ ಅಭಿಪ್ರಾಯ ಡ್ರಾಫ್ಟ್‌ಗೆ ಮೊದಲೇ 32 ತಂಡಗಳಿಗೂ ತಲುಪುವ ಕ್ರಮ ಬರಲಿ. ಇಷ್ಟರಿಂದ ಯಾವ ತಂಡದ ಆಯ್ಕೆಯ ಸ್ವಾತಂತ್ರ್ಯಕ್ಕೂ ಧಕ್ಕೆಯಿಲ್ಲ.

ಲೀಗ್ ಮಾಡುವುದು ಲೀಗ್‌ಗೆ ಬಿಟ್ಟದ್ದು. ಓದುವ, ನೋಡುವ ನಮ್ಮ ಪಾಲಿನ ಕೆಲಸ ಚಿಕ್ಕದು. ಮುಂದಿನ ಏಪ್ರಿಲ್‌ನಲ್ಲಿ ಯಾವನೋ ಒಬ್ಬ ಪಾಸ್ ರಷರ್ ಜಾರಿದಾಗ, ‘ಏನೋ ಇರಬೇಕು, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ’ ಎನ್ನುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಈ ಮಾತು ಎಲ್ಲರೆದುರು ಅಳೆದದ್ದೇ, ಅಥವಾ ಯಾರೋ ಕಿವಿಯಲ್ಲಿ ಊದಿದ್ದೇ? ಅಳೆದದ್ದಾದರೆ ವಾದಿಸೋಣ. ಊದಿದ್ದಾದರೆ, ಊದಿದವನು ತನ್ನ ಹೆಸರು ಹೇಳುವವರೆಗೆ ಕಾಯೋಣ.