ಗಾಂಧಿಕ್ಲಾಸಿನಿಂದ: ಮುನ್ನೂರು ಎಳನೀರಿನ ಲೆಕ್ಕ

ಅಭಿಮಾನಿ ದೇವರುಗಳೇ! (ಈ ಮಾತು ನನ್ನದಲ್ಲ, ಯಾರದೂಂತ ನಿಮಗೆ ಹೇಳಬೇಕೆ?) ಮತ್ತೆ ಏಪ್ರಿಲ್ ಬಂತು. ಬಿಸಿಲು ಬಂತು, ಪರೀಕ್ಷೆ ಮುಗಿಸಿದ ಹುಡುಗರಿಗೆ ರಜಾ ಬಂತು, 24ನೇ ತಾರೀಕೂ ಹತ್ತಿರ ಬಂತು. ಊರೂರಲ್ಲಿ ಚಂದಾ ಪುಸ್ತಕ ಹೊರಬಿದ್ದಿವೆ. ಈ ಸಲ ಕಟೌಟು ಎಷ್ಟಡಿ, ಹಾರ ಎಷ್ಟು ತೂಕ... ಬರೀ ಇದೇ ಮಾತು. ನನ್ನನ್ನೂ ಕೇಳ್ತಾರೆ, "ಪೇಪರಿನೋನು ನೀನು, ಏನಾದ್ರೂ ಹೊಸಾದು ಹೇಳು" ಅಂತ. ಪಿಯುಸಿ ಅರ್ಧಕ್ಕೇ ಬಿಟ್ಟೋನು ಹೊಸಾದೇನು ಹೇಳಲಿ ಸ್ವಾಮೀ? 2024ರಲ್ಲಿ ನಾನು ಮಾಡಿಕೊಂಡ ಒಂದು ಯಡವಟ್ಟಿದೆ. ಅದನ್ನೇ ಹೇಳ್ತೀನಿ.

ಆ ವರ್ಷ ಅಣ್ಣಾವ್ರ 95ನೇ ಹುಟ್ಟುಹಬ್ಬ. ನಮ್ಮ ಬೋರನಕಣಿವೆ ಸುತ್ತಿನ ಹುಡುಗರು ಆರು ಜನ ಹುಳಿಯಾರಿನ ಒಂದು ಟೀ ಅಂಗಡೀಲಿ ಕೂತು ಸಭೆ ಮಾಡಿದ್ವಿ. ಕಟೌಟಿಗೆ ದುಡ್ಡಿಲ್ಲ, ಆರ್ಕೆಸ್ಟ್ರಾದ ಮಾತೇ ಇಲ್ಲ. ಆ ಬೇಸಿಗೇಲಿ ಬೆಂಗಳೂರಿನ ಬೋರ್‌ವೆಲ್ಲುಗಳು ಬತ್ತಿ ಜನ ಟ್ಯಾಂಕರಿಗೆ ಕಾಯ್ತಿದ್ದದ್ದನ್ನ ಟೀವೀಲಿ ನೀವೂ ನೋಡಿದ್ದೀರಿ. ಕಂಠೀರವ ಸ್ಟುಡಿಯೋದ ಸಮಾಧಿ ಹತ್ರ ಬಿಸಿಲಲ್ಲಿ ನಿಂತವರಿಗೆ ಪುಕ್ಕಟೆ ಎಳನೀರು ಕೊಡೋಣ ಅಂತ ತೀರ್ಮಾನ ಆಯ್ತು. ಐಡಿಯಾ ನನ್ನದೇ! ಐದು ಮನೆಯಿಂದ ಅರವತ್ತರವತ್ತು, ಒಟ್ಟು ಮುನ್ನೂರು. ಆರನೆಯವನದು ಟಾಟಾ ಏಸ್ ಗಾಡಿ.

ತೆಂಗಿನ ಸೀಮೆಯವರಿಗೆ ಎಳನೀರಿಗೇನು ಬರ ಅಂತೀರಾ? ಅಲ್ಲೇ ಇದೆ ತೊಡಕು. ಎಳನೀರಿಗೆ ಮದ್ದೂರು, ಕೊಬ್ಬರಿಗೆ ತಿಪಟೂರು. ನಮ್ಮ ಕಡೆ ಯಾರೂ ಸುಮ್ಮನೆ ಎಳನೀರು ಕೀಳೋದಿಲ್ಲ. ಕಾಯಿ ಮರದ ಮೇಲೇ ವರ್ಷ ಬಲಿಯಬೇಕು. ಆಮೇಲೆ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಅಂದರೆ ಎಳನೀರು ಕಿತ್ತೋನು ಮುಂದಿನ ವರ್ಷದ ದುಡ್ಡನ್ನ ಇವತ್ತೇ ಕುಡಿದಂಗೆ. ಅದೂ 2024! ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ಅಂತಿದ್ರೆ, ವರ್ಷದ ಮೊದಲ ತಿಂಗಳುಗಳಲ್ಲಿ ತಿಪಟೂರು ಮಾರ್ಕೆಟ್ಟು ಅದಕ್ಕಿಂತ ಎಷ್ಟೋ ಕೆಳಗೆ. ಖರೀದಿ ಕೇಂದ್ರದಲ್ಲಿ ಹೆಸರು ಬರೆಸೋಕೆ ನಮ್ಮಪ್ಪ ರಾತ್ರಿಯೇ ಹೋಗಿ ಸಾಲಿಗೆ ಚಪ್ಪಲಿ ಇಟ್ಟು ಬಂದಿದ್ದ.

ಅಂಥೋನ ಮುಂದೆ ಹೋಗಿ ನಿಂತೆ.

"ಅರವತ್ತು ಎಳನೀರು ಅಂದ್ರೆ ಅರವತ್ತು ಕೊಬ್ಬರಿ ಕಣ್ಲಾ."

"ಅಣ್ಣಾವ್ರಿಗೆ ಅಪ್ಪಾ..."

ಅಪ್ಪ 'ಬಂಗಾರದ ಮನುಷ್ಯ'ನ ಭಕ್ತ. 1972ರ ಚಿತ್ರ, ಇವನು ಟೂರಿಂಗ್ ಟಾಕೀಸಿಗೆ ಬಂದ ಮೇಲೆ ಮರಳ ಮೇಲೆ ಕೂತು ನೋಡಿದ್ದು. "ಅದ್ರಾಗೆ ರಾಜೀವ ಗೇಯ್ತಾನೆ. ಹಾರ ಹಿಡ್ಕಂಡು ಊರೂರು ತಿರುಗಲ್ಲ" ಅಂತ ಎದ್ದು ಹೋದ. ಕಥೆ ಮುಗೀತು ಅಂದುಕೊಂಡೆ. 23ರ ಬೆಳಿಗ್ಗೆ ನೋಡ್ತೀನಿ, ಮರ ಹತ್ತೋನನ್ನ ಅಪ್ಪನೇ ಕರೆಸಿದ್ದಾನೆ! ಎಳನೀರನ್ನ ಕಾಯಿ ಥರ ಕೆಡವೋ ಹಾಗಿಲ್ಲ, ಬಿದ್ದರೆ ಒಡೆದು ಹೋಗ್ತದೆ. ಗೊನೆಗೆ ಹಗ್ಗ ಕಟ್ಟಿ, ತೊಟ್ಟಿಲು ಇಳಿಸಿದಂಗೆ ಇಳಿಸಬೇಕು. ಕೆಳಗೆ ನಿಂತು ಹಗ್ಗ ಹಿಡಿದೋನು ಅಪ್ಪನೇ. ಅರವತ್ತೂ ಎಣಿಸಿ ಗಾಡಿಗೆ ಹಾಕಿಸಿ ಒಂದೇ ಮಾತು ಹೇಳಿದ.

"ಮಾರಬ್ಯಾಡ. ಬಿಸಿಲಾಗೆ ನಿಂತೋರಿಗೆ ಕೊಡು."

ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು. 26ಕ್ಕೆ ಲೋಕಸಭೆ ಮತದಾನ, ದಾರಿಯುದ್ದ ತಪಾಸಣೆ. ಒಂದು ಕಡೆ ಅರ್ಧ ಗಾಡಿ ಇಳಿಸಿ ನೋಡಿದರು. ಎಳನೀರೊಳಗೆ ನೋಟು ತುಂಬೋ ವಿದ್ಯೆ ಬಂದಿದ್ರೆ ನಾನ್ಯಾಕೆ ಸಾರ್ ಸಿನಿಮಾ ಪತ್ರಿಕೆಗೆ ಬರೀತಿದ್ದೆ? ಗೊರಗುಂಟೆಪಾಳ್ಯ ಸೇರೋಹೊತ್ತಿಗೆ ರಾತ್ರಿ ಹನ್ನೊಂದು.

ಗಾಡಿ ಅಲ್ಲೇ ಬಿಟ್ಟು, ನಾನೂ ಇನ್ನೊಬ್ಬನೂ ಹಾರ ತರೋಕೆ ಕೆ.ಆರ್. ಮಾರ್ಕೆಟ್ಟಿಗೆ ಹೋದ್ವಿ. ಅಣ್ಣಾವ್ರಿಗೆ, ಪಾರ್ವತಮ್ಮನವರಿಗೆ, ಅಪ್ಪುಗೆ, ಮೂರು ಮಲ್ಲಿಗೆ ಹಾರ. ಹೋಗಿ ನೋಡಿದರೆ ಕಾಲಿಡೋಕೆ ಜಾಗ ಇಲ್ಲ. ಅವತ್ತು ಚೈತ್ರ ಹುಣ್ಣಿಮೆ, ಬೆಂಗಳೂರು ಕರಗ! ಮುಖ್ಯವಾದ ತಯಾರಿಯನ್ನೇ ನಾವು ಮಾಡಿರಲಿಲ್ಲ, ಕ್ಯಾಲೆಂಡರ್ ನೋಡಿರಲಿಲ್ಲ. ಊರಿನ ಮಲ್ಲಿಗೆಯೆಲ್ಲ ಆ ರಾತ್ರಿ ದ್ರೌಪದಮ್ಮನ ಪಾಲು. ಮೂರು ಹಾರಕ್ಕೆ ಹೂವಿನಾಕೆ ಹೇಳಿದ ರೇಟಿಗೆ ನಮ್ಮಿಬ್ಬರ ಜೇಬು ಸೇರಿಸಿದರೂ ಎರಡು ಸಾವಿರ ಕಡಿಮೆ.

ತಿಗಳರಪೇಟೆ ಕಡೆ ನಡೆದ್ವಿ. ಧರ್ಮರಾಯನ ಗುಡಿ ಸುತ್ತ ಜನವೋ ಜನ. ಗೋಡೆಗೆ ಒರಗಿ ನಿಂತಿದ್ದ ನಮ್ಮ ವಯಸ್ಸಿನ ಒಬ್ಬ ವೀರಕುಮಾರ, ಕೈಯಲ್ಲಿ ಕತ್ತಿ, ಕಣ್ಣು ಕೆಂಪು. ದಿನಗಟ್ಟಲೆಯ ವ್ರತ. ಹೂವು ತರಕಾರಿ ಬೆಳೆಯೋ ಕಸುಬಿನ ಜನ ಅವರು. ಮಧ್ಯರಾತ್ರಿ ದಾಟಿದ ಮೇಲೆ "ಗೋವಿಂದಾ" ಅನ್ನೋ ಕೂಗೆದ್ದಿತು. ಹೆಣ್ಣುಡುಗೆಯ ಪೂಜಾರಿ, ತಲೆ ಮೇಲೆ ಮಲ್ಲಿಗೆಯ ಗೋಪುರ. ಎರಡೂ ಕಡೆಯಿಂದ ಜನ ಹೂವು ಎಸೀತಿದ್ದಾರೆ. ರಾತ್ರಿಯೆಲ್ಲ ಸುತ್ತೋ ದಾರೀಲಿ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರ್ತದೆ ಆ ಕರಗ. ಕೈ ಮುಗಿದೆ. ಮುಗಿದ ಕೈಯಲ್ಲೇ ಗಾಡಿ ಕಾಯ್ತಿದ್ದೋನಿಗೆ ಫೋನು ಮಾಡಿದೆ.

"ಎಂಬತ್ತು ಎಳನೀರು ಮಾರ್ಬಿಡು."

"ನಿಮ್ಮಪ್ಪ?"

"ಅಪ್ಪ ಇಲ್ಲಿದ್ದಾನೇನೋ?"

ರಸ್ತೆ ಬದಿ ರಾಶಿ ಪಕ್ಕದಲ್ಲೇ ಮಲಗಿದ್ದ ವ್ಯಾಪಾರಿಯನ್ನ ಎಬ್ಬಿಸಿ, ಒಂದಕ್ಕೆ ಇಪ್ಪತ್ತೈದರಂತೆ ಕೊಟ್ಟ. ಎರಡು ಸಾವಿರ ಫೋನಿಗೇ ಬಂತು. ಹಾರ ಸಿಕ್ಕಿತು.

ಬೆಳಿಗ್ಗೆ ಎಂಟಕ್ಕೇ ನಮ್ಮ ಮೂರು ಹಾರ ಏರಿದವು. ಫೋಟೋನೂ ತೆಗೆಸಿಕೊಂಡ್ವಿ. ಒಂಬತ್ತಕ್ಕೆ ನೋಡಿದರೆ ಅವುಗಳ ಮೇಲೆ ಇನ್ನೊಬ್ಬರದು, ಅದರ ಮೇಲೆ ಮತ್ತೊಬ್ಬರದು. ನಮ್ಮದು ಯಾವುದೂಂತ ನನಗೇ ಗೊತ್ತಾಗಲಿಲ್ಲ. ಉಳಿದ ಇನ್ನೂರಿಪ್ಪತ್ತು ಎಳನೀರು ಹನ್ನೊಂದಕ್ಕೆ ಖಲಾಸ್! 37 ಡಿಗ್ರಿ ದಾಟಿದ ದಿನಗಳಿದ್ದ ಏಪ್ರಿಲ್ ಸ್ವಾಮೀ ಅದು.

ಹನ್ನೊಂದೂವರೆಗೆ ಒಬ್ಬ ಅಜ್ಜ, ಜೊತೆಗೊಂದು ಮೊಮ್ಮಗ. ಚಾಮರಾಜನಗರದ ಕಡೆಯವರು, ಅಣ್ಣಾವ್ರ ಸೀಮೆಯವರು! ಎರಡು ಬಸ್ಸು ಬದಲಾಯಿಸಿ ಬಂದಿದ್ದರಂತೆ. "ಕೂಸ್ಗೆ ಒಂದ್ ಎಳ್ನೀರು ಕೊಡಪ್ಪ" ಅಂದರು. ನಮ್ಮ ಮುಂದೆ ಬರೀ ಬುರುಡೆ. ಒಂದನ್ನ ಸೀಳಿ ಅಂಟಿಕೊಂಡಿದ್ದ ಗಂಜಿ ಕೆರೆದು ಕೊಟ್ಟೆ. ಹುಡುಗ ತಿಂದ. ಅಜ್ಜನಿಗೆ ಚಾಚಿದರೆ, "ಸಾಕು ಬುಡಪ್ಪ, ಅವ್ನಿಗಾಯ್ತಲ್ಲ" ಅಂದರು.

ತಡೆಯೋಕಾಗಲಿಲ್ಲ, ಹೊರಗೆ ಓಡಿದೆ. ರಾತ್ರಿಯ ವ್ಯಾಪಾರಿ ಗಾಡಿ ತಂದು ಅಲ್ಲೇ ಹತ್ತಿರ ನಿಲ್ಲಿಸಿಕೊಂಡಿದ್ದ. ನಮ್ಮವೇ ಕಾಯಿ! ಒಂದಕ್ಕೆ ಐವತ್ತು. ಎರಡು ಕೊಡಿಸಿಕೊಂಡು ಬಂದೆ. ಅಜ್ಜ ಕುಡಿದು, "ಯಾವೂರ ಎಳ್ನೀರಪ್ಪ, ಈ ಪಾಟಿ ಸೀ?" ಅಂದರು. ಊರಿನ ಹೆಸರು ಹೇಳೋಕೆ ನಾಲಿಗೆ ಏಳಲಿಲ್ಲ.

ಹೊರಡೋರಿಗೆ ನಾಲ್ಕು ಮಾತು. ಮೊದಲು ಕ್ಯಾಲೆಂಡರ್ ನೋಡಿ, ಕರಗ ಯಾವತ್ತು ಅಂತ. ಖಾಲಿ ಬುರುಡೆ ಅಲ್ಲಿ ಗುಡ್ಡೆ ಹಾಕಬೇಡಿ, ವಾಪಸ್ ಗಾಡಿಗೆ ತುಂಬಿ, ಒಣಗಿಸಿದರೆ ಒಲೆಗಾಗ್ತದೆ. ಹಾರಕ್ಕೆ ದುಡ್ಡು ಸಾಲದಿದ್ದರೆ ಕಣ್ಣು ದಾನದ ಫಾರಂ ತುಂಬಿ, ಅದಕ್ಕೆ ಒಂದು ಪೈಸೆ ಬೇಡ. 2006ರಲ್ಲಿ ಅಣ್ಣಾವ್ರ ಕಣ್ಣೂ ಹೋಗಿದ್ದು ಹಾಗೇ. 2021ರಲ್ಲಿ ಅಪ್ಪುವಿನ ಎರಡು ಕಣ್ಣಿಂದ ನಾಲ್ಕು ಜನಕ್ಕೆ ಬೆಳಕಾಯ್ತು.

ಊರಿಗೆ ಬಂದ ರಾತ್ರಿ ಅಪ್ಪ ಜಗಲೀಲಿ ಕೂತಿದ್ದ.

"ಎಲ್ಲಾರಿಗೂ ಸಾಕಾಯ್ತೇನ್ಲಾ?"

"ಸಾಕಾಯ್ತಪ್ಪ" ಅಂದೆ.

ಅಪ್ಪ ಈ ಪತ್ರಿಕೆ ಓದೋದಿಲ್ಲ. ಆದರೆ ಹುಳಿಯಾರು ಬಸ್‌ಸ್ಟ್ಯಾಂಡಿನ ಅಂಗಡೀಲಿ ನೇತು ಹಾಕಿರ್ತಾರೆ. ನಿಮ್ಮಲ್ಲಿ ಯಾರಾದ್ರೂ ನಮ್ಮೂರ ಕಡೆಯೋರಿದ್ದರೆ, ಈ ವಾರ ಸ್ವಲ್ಪ ಬಾಯಿ ಬಿಗಿ ಹಿಡೀರಪ್ಪ... ಈ ಸಲದ ಅರವತ್ತಕ್ಕೆ ಅಪ್ಪನ ಹತ್ತಿರ ನಾನಿನ್ನೂ ಬಾಯಿ ಬಿಟ್ಟಿಲ್ಲ!